ಪಂಪ್‌ಸೆಟ್ಟಿನ ಕಿರ್ಲೋಸ್ಕರ್, ನಾಟಕದ ಕಿರ್ಲೋಸ್ಕರ್: ಇಬ್ಬರೂ ಒಬ್ಬರೇ?

ಬಾವಿಕಟ್ಟೆ:
ನಮ್ಮ ಹೊಲದ ಬಾವಿಯ ಪಂಪ್‌ಸೆಟ್ಟಿನ ಮೇಲೆ ‘ಕಿರ್ಲೋಸ್ಕರ್’ ಎಂದು ಬರೆದಿತ್ತು. ಒತ್ತಕ್ಷರ ಕೂಡಿಸಿ ಓದುವುದನ್ನು ನಾನು ಕಲಿತದ್ದೇ ಆ ಹೆಸರಿನಿಂದ. ಕಳೆದ ವಾರ ಪುಣೆಯಲ್ಲಿ ಸಹೋದ್ಯೋಗಿಯೊಬ್ಬರು ‘ಸಂಗೀತ ಸೌಭದ್ರ’ ಎಂಬ ಮರಾಠಿ ನಾಟಕಕ್ಕೆ ಕರೆದುಕೊಂಡು ಹೋದರು. ಬರೆದವರು ಅಣ್ಣಾಸಾಹೇಬ ಕಿರ್ಲೋಸ್ಕರ್, ನಿಮ್ಮ ಬೆಳಗಾವಿ ಕಡೆಯವರೇ ಎಂದರು. ನಾನು ತಲೆಯಾಡಿಸಿದೆ, ಒಳಗೊಳಗೇ ನಾಚಿಕೆಯಾಯಿತು. ಪಂಪು ಮಾಡಿದವರೇ ನಾಟಕವನ್ನೂ ಬರೆದರೇ? ಅವರದು ಅಷ್ಟು ದೊಡ್ಡ ಹೆಸರಾಗಲು ಕಾರಣವೇನು?

ಮಲಪ್ರಭಾ ದಂಡೆ:
ಬೇರೆ ಬೇರೆಯವರು. ಊರು ಮಾತ್ರ ಒಂದೇ, ಸವದತ್ತಿ ತಾಲ್ಲೂಕಿನ ಗುರ್ಲಹೊಸೂರು. ಕಬ್ಬಿಣದ ನೇಗಿಲು ಮಾಡಿ ಕಾರ್ಖಾನೆ ಕಟ್ಟಿದ ಲಕ್ಷ್ಮಣರಾವ್ ಹುಟ್ಟಿದ್ದು 1869ರಲ್ಲಿ. ಅಣ್ಣಾಸಾಹೇಬರು ಅವರಿಗಿಂತ 26 ವರ್ಷ ದೊಡ್ಡವರು. ಉಳಿದದ್ದನ್ನು ಪೇಟಿ ಮಾಸ್ತರರು ಹೇಳಲಿ.

ಪೇಟಿ ಮಾಸ್ತರ:
ನಲವತ್ತು ವರ್ಷ ನಾಟಕಗಳಿಗೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿದವನನ್ನು ಕೆಣಕಿದ್ದೀರಿ, ಇನ್ನು ಕೇಳಬೇಕಾದದ್ದೇ.

ಬಳವಂತ ಪಾಂಡುರಂಗ ಕಿರ್ಲೋಸ್ಕರ್, ಅಂದರೆ ನಮ್ಮ ಅಣ್ಣಾಸಾಹೇಬರು, ಹುಟ್ಟಿದ್ದು 1843ರ ಮಾರ್ಚ್ 31ರಂದು. ಅದೇ ವರ್ಷ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿದರು. ಅದಕ್ಕೆ ಪ್ರೇರಣೆ ನಮ್ಮ ಉತ್ತರ ಕನ್ನಡದಿಂದ ಅಲ್ಲಿಗೆ ಹೋಗಿದ್ದ ಭಾಗವತರ ಮೇಳ. ಆದ್ದರಿಂದ ಆಗಿನ ಮರಾಠಿ ನಾಟಕ ಹೇಗಿತ್ತು ಎಂಬುದನ್ನು ಯಕ್ಷಗಾನ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಡೆಲ್ಲ ಸೂತ್ರಧಾರನ ಪಾಲು. ರಾಮನಿಗಾಗಲಿ ರಾವಣನಿಗಾಗಲಿ ಉಳಿಯುತ್ತಿದ್ದದ್ದು ಕುಣಿತ ಮತ್ತು ಆಗಿಂದಾಗ ಹೊಳೆದ ಮಾತು.

ಅಣ್ಣಾಸಾಹೇಬರು ಓದಲೆಂದು ಪುಣೆಗೆ ಹೋಗಿ ನಾಟಕ ಮಂಡಳಿಗಳಿಗೆ ಪದ ಕಟ್ಟಿಕೊಡುತ್ತಾ ಕುಳಿತರು. ಬೆಳಗಾವಿಯಲ್ಲಿ ಮೇಷ್ಟ್ರಾದರು. ಮುಂದೆ ‘ಶಾರದಾ’ ನಾಟಕ ಬರೆದ ಗೋವಿಂದ ಬಲ್ಲಾಳ ದೇವಲ್ ಅಲ್ಲಿ ಅವರ ಶಿಷ್ಯ. ಆಮೇಲೆ ಸರ್ಕಾರಿ ಕಚೇರಿಯ ನೌಕರಿ. ಪುಣೆಯಲ್ಲಿ ಪಾರ್ಸಿ ಕಂಪನಿಯ ನಾಟಕ ನೋಡಿದ ಮೇಲೆ ಕಾಳಿದಾಸನನ್ನು ಕೈಗೆತ್ತಿಕೊಂಡರು. 1880ರ ಅಕ್ಟೋಬರ್ 31ರಂದು ಆನಂದೋದ್ಭವ ನಾಟಕಗೃಹದಲ್ಲಿ ‘ಸಂಗೀತ ಶಾಕುಂತಲ’ದ ಮೊದಲ ನಾಲ್ಕು ಅಂಕಗಳು ರಂಗಕ್ಕೆ ಬಂದವು. ದುಷ್ಯಂತನ ಹಾಡನ್ನು ದುಷ್ಯಂತನೇ ಹಾಡಿದ, ಶಕುಂತಲೆಯ ಹಾಡನ್ನು ಶಕುಂತಲೆಯೇ. ತಮಾಷೆ ಏನೆಂದರೆ, ಅವತ್ತು ಸೂತ್ರಧಾರನ ವೇಷ ಹಾಕಿದವರು ಸ್ವತಃ ಅಣ್ಣಾಸಾಹೇಬರು! ತನ್ನ ಪಾಲಿನ ಹಾಡನ್ನೆಲ್ಲ ಪಾತ್ರಗಳಿಗೆ ಹಂಚಿಕೊಟ್ಟು ಪಕ್ಕಕ್ಕೆ ಸರಿದ ಸೂತ್ರಧಾರ.

ಇದರಿಂದ ಏನು ಬದಲಾಯಿತು ಎಂಬುದು ನನಗೆ ಓದಿ ತಿಳಿದದ್ದಲ್ಲ. ನನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ ಹವ್ಯಾಸಿಗಳ ‘ಸೌಭದ್ರ’ಕ್ಕೆ ಪೇಟಿ ಹಿಡಿದಿದ್ದೆ. ಬಲರಾಮ ತಂಗಿಯನ್ನು ದುರ್ಯೋಧನನಿಗೆ ಕೊಡಲು ಹೊರಟಿರುತ್ತಾನೆ, ಅರ್ಜುನ ಸನ್ಯಾಸಿಯ ವೇಷದಲ್ಲಿ ಬಂದಿರುತ್ತಾನೆ. ನಮ್ಮ ಅರ್ಜುನ ಹಾಡಿನ ನಡುವೆ ಇದ್ದಾಗ ಗಡ್ಡದ ಅಂಟು ಬಿಟ್ಟು ಎಡಗಡೆ ಜೋತುಬಿತ್ತು. ಆತ ಒಂದು ಕ್ಷಣವೂ ನಿಲ್ಲಿಸಲಿಲ್ಲ. ಚಿಂತೆಗೆ ಬಿದ್ದವನಂತೆ ಅಂಗೈಯಲ್ಲಿ ಗಡ್ಡ ಒತ್ತಿಕೊಂಡು ಅದೇ ಸಾಲನ್ನು ಮತ್ತೆ ಎತ್ತಿಕೊಂಡ. ನಾನು ಬೆವರುತ್ತಾ ಪೇಟಿಯಲ್ಲಿ ಅವನ ಬೆನ್ನು ಹತ್ತಿದೆ. ಜನ ಅದನ್ನು ಅಭಿನಯವೆಂದೇ ತಿಳಿದು ‘ವನ್ಸ್ ಮೋರ್’ ಎಂದು ಕೂಗಿದರು. ಪಾಪ, ಗಡ್ಡ ಹಿಡಿದುಕೊಂಡೇ ಇನ್ನೊಮ್ಮೆ ಹಾಡಿದ. ಹಾಡುವವನು ಬದಿಯಲ್ಲಿ ನಿಂತ ಸೂತ್ರಧಾರನಾಗಿದ್ದರೆ ಆ ಗಡ್ಡ ಬರೀ ನಗೆಪಾಟಲಾಗುತ್ತಿತ್ತು.

‘ಸೌಭದ್ರ’ 1882ರದು. ಭಾವೂರಾವ್ ಕೊಲ್ಹಟ್ಕರ್ ಸುಭದ್ರೆಯಾಗಿ ಹೆಸರು ಮಾಡಿದರು. ಮೂರನೆಯ ‘ರಾಮರಾಜ್ಯವಿಯೋಗ’ ಮುಗಿಯಲಿಲ್ಲ. 1885ರ ನವೆಂಬರ್ 2ರಂದು ಅಣ್ಣಾಸಾಹೇಬರು ತೀರಿಕೊಂಡರು, ವಯಸ್ಸು 42. ‘ಶಾಕುಂತಲ’ದಿಂದ ಲೆಕ್ಕ ಹಾಕಿದರೆ ಸಿಕ್ಕಿದ್ದು ಐದೇ ವರ್ಷ.

ಹಳೆಗಡಿಯಾರ:
ಮಾಸ್ತರರೇ, ಒಂದು ತಕರಾರು. ಶೇಷಗಿರಿರಾವ್ ಚುರಮುರಿಯವರ ಕನ್ನಡ ‘ಶಾಕುಂತಲ’ 1870ರಲ್ಲೇ ಬಂದಿತ್ತು. ಕಾಳಿದಾಸನನ್ನು ಕೈಗೆತ್ತಿಕೊಂಡದ್ದರಲ್ಲಿ ನಾವೇ ಹತ್ತು ವರ್ಷ ಮುಂದೆ.

ಪೇಟಿ ಮಾಸ್ತರ:
ಒಪ್ಪಿದೆ. ಆದರೆ ಪುಸ್ತಕ ಅಚ್ಚಾಗುವುದು ಬೇರೆ, ಊರೂರು ತಿರುಗುವ ಮಂಡಳಿ ಕಟ್ಟುವುದು ಬೇರೆ. ಅಣ್ಣಾಸಾಹೇಬರ ಮಂಡಳಿ ಅವರ ನಂತರವೂ ನಡೆಯಿತು, ಮರಾಠಿ ರಂಗದ ಹೆಸರಾಂತ ಗಾಯಕನಟ ಬಾಲಗಂಧರ್ವರು ಬೆಳೆದದ್ದು ಅದರಲ್ಲೇ. ನಮ್ಮ ಕುಂದಗೋಳದ ಸವಾಯಿ ಗಂಧರ್ವರೂ ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡಿದವರು.

ಬಾವಿಕಟ್ಟೆ:
ಅಣ್ಣಾಸಾಹೇಬರಿಗೆ ಕನ್ನಡ ಬರುತ್ತಿತ್ತೇ?

ಪೇಟಿ ಮಾಸ್ತರ:
ಗುರ್ಲಹೊಸೂರಿನಲ್ಲಿ ಬೆಳೆದವರಿಗೆ ಬಾರದಿರುತ್ತದೆಯೇ? ಮನೆಯಲ್ಲೇ ಕನ್ನಡ, ಮರಾಠಿ ಎರಡನ್ನೂ ಕಲಿತವರು. ಮರಾಠಿಯ ಸಾಕಿ, ದಿಂಡಿ, ಲಾವಣಿ ಧಾಟಿಗಳ ಜೊತೆ ಕರ್ನಾಟಕದ ಕಡೆಯ ಧಾಟಿಗಳನ್ನೂ ನಾಟಕಕ್ಕೆ ತಂದರು. ಅವರು ಯಾರವರು ಎಂದು ಗಡಿಯ ಮೇಲೆ ನಿಂತು ಜಗಳವಾಡುವವರ ಜೊತೆ ನಾನು ಸೇರುವುದಿಲ್ಲ. ಅಂದ ಹಾಗೆ, ‘ಪಂಚತುಂಡ ನರರುಂಡಮಾಲಧರ’ ನಾಂದಿ ಕೇಳಿದಿರಾ? ‘ಶಾಕುಂತಲ’ಕ್ಕೆಂದು ಅವರು ಬರೆದದ್ದು. ಈಗ ಬೇರೆ ಸಂಗೀತ ನಾಟಕಗಳೂ ಅದರಿಂದಲೇ ಶುರುವಾಗುತ್ತವೆ.

ಬಾವಿಕಟ್ಟೆ:
ಇಲ್ಲ. ನಾವು ಹೊರಗೆ ಚಹಾ ಕುಡಿಯುತ್ತಿದ್ದೆವು. ಒಳಗೆ ಎಲ್ಲರೂ ಕೂಡಿ ಏನೋ ಹಾಡುವುದು ಕೇಳಿಸಿತು, ದೇವರ ಪದವಿರಬೇಕು, ನಾಟಕ ಇನ್ನೂ ಶುರುವಾಗಿಲ್ಲ ಎಂದುಕೊಂಡು ಇನ್ನೊಂದು ಚಹಾ ಹೇಳಿದೆವು.