ಮನೆತನದ ಗುಂಪಿನಲ್ಲಿ ಅನ್ನದ ಜಗಳ

ಬೆಳಿಗ್ಗೆ ಎಂಟರ ಹೊತ್ತಿಗೆ ಮನೆತನದ ಗುಂಪಿಗೆ ಒಂದು ಫೋಟೋ ಹಾಕಿದೆ. ತಾಟಿನಲ್ಲಿ ಒಗ್ಗರಣೆ ಅನ್ನ, ಪಕ್ಕಕ್ಕೆ ಅರ್ಧ ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು. ಕೆಳಗೆ "ರಾತ್ರಿ ಉಳಿದ ಅನ್ನ, ಶೇಂಗಾ ಜಾಸ್ತಿ ಹಾಕಿದ್ದೀನಿ" ಅಂತ ಬರೆದೆ. ಧಾರವಾಡದಲ್ಲಿ ರೂಮು ಮಾಡಿಕೊಂಡು ಎಂ.ಎಸ್ಸಿ. ಓದುವ ಮಗಳು ಏನು ತಿನ್ನುತ್ತಾಳೆ ಅಂತ ಅವ್ವ ದಿನಾ ಕೇಳುತ್ತಾಳೆ. ಅದಕ್ಕೆ ಹಾಕಿದ್ದು.

ಅರ್ಧ ಗಂಟೆಯಲ್ಲಿ ದೊಡ್ಡಪ್ಪನ ಫಾರ್ವರ್ಡ್ ಬಂತು. ಮೇಲೆ ಜೋಡಿ ಬಾಣದ ಗುರುತು ಇತ್ತು. ಅಂದರೆ ಎಷ್ಟೋ ಕೈ ದಾಟಿ ಬಂದದ್ದು.

"ಎಚ್ಚರ! ಎಚ್ಚರ! ರೂಮಿನಲ್ಲಿ ಅಡುಗೆ ಮಾಡಿಕೊಳ್ಳುವ ಮಕ್ಕಳ ತಂದೆತಾಯಿಗಳೇ ತಪ್ಪದೆ ಓದಿ. ಫ್ರಿಜ್‌ನಲ್ಲಿಟ್ಟ ಅನ್ನ ಬಿಸಿ ಮಾಡಿ ತಿಂದ ಕಾಲೇಜು ಹುಡುಗ ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಉಳಿದ ಅನ್ನ ವಿಷ ಅಂತ ವಿದೇಶಿ ವೈದ್ಯರೇ ಒಪ್ಪಿಕೊಂಡಿದ್ದಾರೆ. ಹತ್ತು ಜನಕ್ಕೆ ಕಳಿಸಿ, ಒಂದು ಜೀವ ಉಳಿಸಿ."

ದೊಡ್ಡಪ್ಪ: ಯವ್ವಾ, ಇದನ್ನ ಪೂರ್ತಿ ಓದು. ಅನ್ನ ಅಂದರೆ ದೇವರು. ಹಳಸಿದ್ದು ತಿಂದರೆ ಓದಿದ್ದು ತಲೆಗೆ ಹತ್ತುವುದಿಲ್ಲ. ಈಗಿನ ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಎದ್ದು ಬಿಸಿ ಅನ್ನ ಮಾಡಿಕೊಳ್ಳಲಿಕ್ಕೂ ಬೇಸರ.

ಅಣ್ಣ: ದೊಡ್ಡಪ್ಪ, ಇದರ ಮೂಲ ಯಾವುದು? ಯಾವ ಊರು, ಯಾವ ವರ್ಷ, ಯಾವ ವೈದ್ಯರು?

ದೊಡ್ಡಪ್ಪ: ನಮ್ಮ ನಿವೃತ್ತ ಶಿಕ್ಷಕರ ಗುಂಪಿನಲ್ಲಿ ಬಂದಿದೆ. ಅಲ್ಲಿ ಎಲ್ಲರೂ ಓದಿದವರೇ.

ಅಣ್ಣ: ಓದಿದವರು ಕಳಿಸಿದ ಮಾತ್ರಕ್ಕೆ ಅದು ನಿಜ ಆಗುವುದಿಲ್ಲ. ನಿಂಬೆಹಣ್ಣಿನ ವಿಷಯದಲ್ಲೂ ಹೀಗೇ ಆಯಿತು.

ದೊಡ್ಡಪ್ಪ: ಆ ಮಾತು ಈಗ ಯಾಕೆ ಬಂತು?

ಆ ಮಾತು ಬಂದ ಮೇಲೆ ಅನ್ನದ ಮಾತು ಮುಗಿದ ಹಾಗೆಯೇ. ಕೊರೊನಾ ಕಾಲದಲ್ಲಿ ಮೂಗಿಗೆ ನಿಂಬೆರಸ ಬಿಟ್ಟುಕೊಳ್ಳಿ ಅನ್ನುವ ಸಂದೇಶವನ್ನು ದೊಡ್ಡಪ್ಪ ಕಳಿಸಿದ್ದರು. ಕಾಕಾನ ಮಗ, ಅಂದರೆ ಬೆಂಗಳೂರಿನಲ್ಲಿರುವ ಅಣ್ಣ, ಅದು ಸುಳ್ಳು ಅಂತ ಎಲ್ಲರ ಎದುರು ಹೇಳಿದ. ದೊಡ್ಡಪ್ಪ ಗುಂಪು ಬಿಟ್ಟು ಹೋದರು. ಅಪ್ಪ ಅವರ ಮನೆಗೇ ಹೋಗಿ, ಚಹಾ ಕುಡಿದು, ಕೈ ಹಿಡಿದು ಮಾತಾಡಿ ವಾಪಸು ಕರೆತಂದರು. ಅಣ್ಣ ಹೇಳಿದ್ದು ಸರಿಯೇ ಇತ್ತು. ಆದರೆ ನಲವತ್ತು ಜನರ ಎದುರು ಹೇಳುವ ಬದಲು ಒಂದು ಫೋನು ಮಾಡಬಹುದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಅಷ್ಟರಲ್ಲಿ ಹುಬ್ಬಳ್ಳಿ ಅತ್ತೆ ಬಂದರು.

ಅತ್ತೆ: ನಾನು ಮೊದಲೇ ಹೇಳಿದ್ದೆ, ಹುಡುಗಿ ನಮ್ಮ ಮನೆಯಲ್ಲಿ ಇರಲಿ ಅಂತ. ಚಿಗರಿ ಬಸ್ಸು ಹತ್ತಿದರೆ ಧಾರವಾಡ ಏನು ದೂರ? ನೀವು ಯಾರೂ ಕೇಳಲಿಲ್ಲ. ಈಗ ತಂಗಳು ತಿಂದುಕೊಂಡು ಇದ್ದಾಳೆ.

ಅವ್ವ: ಅಕ್ಕಾರ, ಅವಳು ಚೆನ್ನಾಗೇ ತಿನ್ನುತ್ತಾಳೆ. ಹಿಂದೆ ಅವಳ ಅಣ್ಣ ನಿಮ್ಮಲ್ಲಿ ಇದ್ದಾಗ ಏನಾಯಿತು ಅಂತ ನನಗೆ ನೆನಪಿದೆ.

ಅತ್ತೆ: ಏನಾಯಿತು? ಬಾಯಿಬಿಟ್ಟು ಹೇಳು.

ಅವ್ವ: ರೊಟ್ಟಿ ಎಣಿಸಿದ್ದು ಗೊತ್ತಿಲ್ಲವಾ?

ನನ್ನ ಸ್ವಂತ ಅಣ್ಣ ಪಿಯುಸಿ ಓದುವಾಗ ಅತ್ತೆಯ ಮನೆಯಲ್ಲಿದ್ದ. ನಾಲ್ಕನೇ ರೊಟ್ಟಿ ಹಾಕುವಾಗ ಅತ್ತೆ ಏನೋ ಅಂದರಂತೆ. ಅಂದದ್ದು "ಇನ್ನೊಂದು ಬೇಕಾ?" ಅಂತಲೋ, "ಇನ್ನೂ ಬೇಕಾ?" ಅಂತಲೋ, ಅದು ಇವತ್ತಿಗೂ ತೀರ್ಮಾನ ಆಗಿಲ್ಲ. ಅವನೂ ಇದೇ ಗುಂಪಿನಲ್ಲಿದ್ದಾನೆ. ಸಂದೇಶ ಓದಿದ ನೀಲಿ ಗುರುತು ಬಂತು, ಉತ್ತರ ಮಾತ್ರ ಬರಲಿಲ್ಲ.

ಹೀಗೆ ಬಿಸಿ ಏರಿದಾಗ ಕಾಕಾ ತಮ್ಮ ಓದಿನ ದಿನಗಳನ್ನು ತೆಗೆದರು.

ಕಾಕಾ: ನಮ್ಮ ಕಾಲದಲ್ಲಿ ಬುತ್ತಿ ಬಸ್ಸಿನಲ್ಲಿ ಬರುತ್ತಿತ್ತು. ಅವ್ವ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಚೀಟಿಯಲ್ಲಿ ಹೆಸರು ಬರೆಸಿ ಕಂಡಕ್ಟರ್ ಕೈಗೆ ಕೊಡುತ್ತಿದ್ದಳು. ನಾವು ಧಾರವಾಡ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆವು. ಹತ್ತಿಪ್ಪತ್ತು ಗಂಟು ಇಳಿಯುತ್ತಿದ್ದವು. ಬಟ್ಟೆಯ ಬಣ್ಣ ನೋಡಿದರೇ ನಮ್ಮದು ಅಂತ ಗೊತ್ತಾಗುತ್ತಿತ್ತು. ಒಳಗೆ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ಕೊನೆಗೆ ಕಡಕ್ ರೊಟ್ಟಿ ಎಂಟು ದಿನ ತಿಂದರೂ ಯಾರೂ ಸಾಯಲಿಲ್ಲ.

ಇದಕ್ಕೆ ಹೃದಯದ ಚಿತ್ರಗಳು ಸಾಲುಸಾಲಾಗಿ ಬಂದವು. ಬುತ್ತಿ ಕಟ್ಟಿದ ಅವ್ವ ನನ್ನ ಅಜ್ಜಿ. ಅವರ ಫೋಟೋ ಯಾರೋ ಹಾಕಿದರು. ಅತ್ತೆ ಅತ್ತರಂತೆ. ಜಗಳ ಒಂದು ಗಳಿಗೆ ನಿಂತಿತು. ಕಾಕಾನ ಮಾತು ನನಗೂ ತಟ್ಟಿತು. ಧಾರವಾಡದಲ್ಲಿ ಓದಿದ ಸುತ್ತಲಿನ ಹಳ್ಳಿಗಳ ಎಷ್ಟೋ ಹುಡುಗರು ಆ ಗಂಟುಗಳ ಮೇಲೆಯೇ ಪದವಿ ಮುಗಿಸಿದ್ದಾರೆ.

ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನ ಅಣ್ಣ ಮೂಲ ಹುಡುಕಿ ತಂದ.

ಅಣ್ಣ: ಘಟನೆ ನಡೆದದ್ದು ನಿಜ, ಆದರೆ ನೀವು ಕಳಿಸಿದ ಹಾಗೆ ಅಲ್ಲ. 2008ರ ಅಕ್ಟೋಬರ್ 1, ಬೆಲ್ಜಿಯಂ ದೇಶದ ಬ್ರಸೆಲ್ಸ್. 20 ವರ್ಷದ ಹುಡುಗ. ತಿಂದದ್ದು ಅನ್ನ ಅಲ್ಲ, ಸ್ಪಾಗೆಟಿ. ಫ್ರಿಜ್‌ನಲ್ಲಿ ಇಟ್ಟದ್ದೂ ಅಲ್ಲ. ಮಾಡಿ ಐದು ದಿನ ಅಡುಗೆಮನೆಯಲ್ಲಿ ಹೊರಗೇ ಇತ್ತು. ಅದನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ತಿಂದ. ವೈದ್ಯರು ಇದನ್ನು 2011ರಲ್ಲಿ ಒಂದು ಪತ್ರಿಕೆಯಲ್ಲಿ ಬರೆದಿದ್ದಾರೆ. 2023ರಲ್ಲಿ ವಿಡಿಯೋಗಳಲ್ಲಿ 'ಫ್ರೈಡ್ ರೈಸ್ ಸಿಂಡ್ರೋಮ್' ಅಂತ ಮತ್ತೆ ಓಡಾಡಿತು. ಲಿಂಕ್ ಹಾಕಿದ್ದೀನಿ, ಓದಿ.

ಅತ್ತೆ: ಸ್ಪಾಗೆಟಿ ಅಂದರೆ ನಮ್ಮ ಶ್ಯಾವಿಗೆ ಥರ ಅಲ್ವಾ? ಹಾಗಾದರೆ ಶ್ಯಾವಿಗೆ ಉಪ್ಪಿಟ್ಟು ತಿನ್ನಬಾರದಾ?

ದೊಡ್ಡಪ್ಪ: ಬ್ರಸೆಲ್ಸ್ ಆದರೇನು, ಬಾಗಲಕೋಟೆ ಆದರೇನು, ಹೋದ ಜೀವ ಹೋಯಿತು. ಹಿರಿಯರು ಕಾಳಜಿಯಿಂದ ಹೇಳಿದ್ದರಲ್ಲೂ ತಪ್ಪು ಹುಡುಕಬೇಕಾ?

ಅಣ್ಣ: ತಪ್ಪು ಹುಡುಕುತ್ತಿಲ್ಲ. ನಿಜ ಹೇಳುತ್ತಿದ್ದೀನಿ.

ದೊಡ್ಡಪ್ಪ: ನಿನ್ನ ಅಪ್ಪನೂ ಹೀಗೇ. ಹೊಲದ ಹಿಸ್ಸೆ ಮಾಡುವಾಗಲೂ ಕಾಗದ ಕೇಳಿದ್ದ.

ಹೊಲ ಬಂದ ಮೇಲೆ ಲಿಂಕ್ ಯಾರು ತೆರೆಯುತ್ತಾರೆ? ಕಾಕಾ "ಅಣ್ಣಾ, ಆ ವಿಷಯ ಇಲ್ಲಿ ಬೇಡ" ಅಂದರು. ಅಪ್ಪ ಎಲ್ಲರಿಗೂ ಕೈ ಮುಗಿಯುವ ಚಿತ್ರ ಹಾಕಿದರು.

ಸಂಜೆ ಲ್ಯಾಬ್ ಮುಗಿಸಿ ಬಂದು ಎಲ್ಲವನ್ನೂ ಕೂತು ಓದಿದೆ. ಅಷ್ಟು ಸಂದೇಶಗಳಲ್ಲಿ ಒಂದು ಪ್ರಶ್ನೆ ಮಾತ್ರ ಇರಲಿಲ್ಲ: ಆ ಅನ್ನವನ್ನು ರಾತ್ರಿ ನಾನು ಎಲ್ಲಿ ಇಟ್ಟಿದ್ದೆ? ಅದೊಂದು ಕೇಳಿದ್ದರೆ ಸಾಕಿತ್ತು. ಫಾರ್ವರ್ಡ್ ಬರೆದವರ ಮೇಲೆ ನನಗೆ ಸಿಟ್ಟು ಬಂದದ್ದೂ ಇದಕ್ಕೇ. ಒಬ್ಬ ಹುಡುಗನ ಸಾವಿನಿಂದ ಕಲಿಯಬೇಕಾದದ್ದು "ಐದು ದಿನ ಹೊರಗೆ" ಅನ್ನುವ ಆ ಎರಡು ಮೂರು ಪದಗಳಲ್ಲಿತ್ತು. ಅವರು ಅದನ್ನೇ ಕಿತ್ತು ಹಾಕಿ, ಕಾಪಾಡಬಹುದಾಗಿದ್ದ ಫ್ರಿಜ್ಜನ್ನೇ ಅಪರಾಧಿ ಮಾಡಿದ್ದಾರೆ. ಇದನ್ನು ನಂಬಿದವರು ಅನ್ನವನ್ನು ಫ್ರಿಜ್‌ನಿಂದ ತೆಗೆದು ಹೊರಗೆ ಇಡುತ್ತಾರೆ. ಅಲ್ಲಿಗೆ ಆಯಿತಲ್ಲ?

ಅದಕ್ಕೇ ನಾನು ಉದ್ದಕ್ಕೆ ಬರೆದೆ. ಬರೆದದ್ದು ಹೀಗೆ:

"ದೊಡ್ಡಪ್ಪ, ಕಾಳಜಿ ಅರ್ಥವಾಗುತ್ತದೆ. ನೀವು ಭಯಪಟ್ಟದ್ದಕ್ಕೆ ಕಾರಣವೂ ಇದೆ. ಬ್ಯಾಸಿಲಸ್ ಸೀರಿಯಸ್ ಅನ್ನುವ ಸೂಕ್ಷ್ಮಜೀವಿ ಮಣ್ಣಿನಲ್ಲಿ ಇರುತ್ತದೆ, ಅಕ್ಕಿಯ ಜೊತೆ ಬರುತ್ತದೆ. ಅದರ ಬೀಜಕಗಳು, ಅಂದರೆ ಬೀಜದ ಹಾಗೆ ಸುಪ್ತವಾಗಿರುವ ಅದರ ರೂಪ, ಅನ್ನ ಕುದಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗೆ ಉಳಿದರೆ ಮೊಳೆತು ಹೆಚ್ಚುತ್ತವೆ, ವಿಷ ಮಾಡುತ್ತವೆ. ಆ ವಿಷ ಒಮ್ಮೆ ಆಯಿತೆಂದರೆ ಮತ್ತೆ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ, ಕುಕ್ಕರ್‌ನಲ್ಲಿ ಸೀಟಿ ಹೊಡೆಸಿದರೂ ಅಷ್ಟೇ. ಸಾಮಾನ್ಯವಾಗಿ ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಆಗುತ್ತದೆ, ಒಂದು ದಿನದಲ್ಲಿ ಸರಿಹೋಗುತ್ತದೆ. ಸಾವು ತೀರಾ ಅಪರೂಪ. ಆದರೆ ವಾಂತಿ ನಿಲ್ಲದಿದ್ದರೆ ಬರೀ ನೀರು ಕುಡಿದು ಮಲಗಬಾರದು, ಡಾಕ್ಟರ ಹತ್ತಿರ ಹೋಗಬೇಕು. ಆ ಹುಡುಗ ಔಷಧಿ ತಗೊಳ್ಳದೆ ನೀರು ಕುಡಿದು ಮಲಗಿದ್ದ.

ನಾನು ಮಾಡುವುದು ಇಷ್ಟು. ಊಟ ಆದ ಕೂಡಲೇ ಉಳಿದ ಅನ್ನವನ್ನು ಕುಕ್ಕರ್‌ನಲ್ಲಿ ಬಿಡುವುದಿಲ್ಲ. ಪರಾತದಲ್ಲಿ ತೆಳ್ಳಗೆ ಹರಡುತ್ತೀನಿ. ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಉಗಿ ಹೋಗಿ, ಅಗಳು ಕೈಗೆ ತಣ್ಣಗೆ ಹತ್ತುತ್ತದೆ. ಡಬ್ಬಿಗೆ ಹಾಕಿ ಕೆಳಗಿನ ಮನೆ ಮಾಲಕರ ಫ್ರಿಜ್‌ನಲ್ಲಿ ಇಡುತ್ತೀನಿ. ಅವರು ನಮಗೆ ಒಂದು ಮೂಲೆ ಬಿಟ್ಟಿದ್ದಾರೆ. ಬೆಳಿಗ್ಗೆ ಅದೇ ಒಗ್ಗರಣೆ ಆಗುತ್ತದೆ. ಬಿಸಿ ಅನ್ನಕ್ಕೆ ಒಗ್ಗರಣೆ ಹಾಕಿದರೆ ಮುದ್ದೆಯಾಗುತ್ತದೆ. ತಣ್ಣಗಾದ ಅನ್ನ ಗಟ್ಟಿಯಾಗಿ ಬಿಡಿಬಿಡಿಯಾಗಿರುತ್ತದೆ. ಸಾಸಿವೆ ಸಿಡಿದು, ಶೇಂಗಾ ಕೆಂಪಾಗಿ, ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಅರಿಶಿನ ಹಾಕಿ ಆ ಅನ್ನ ಸುರಿದರೆ ಒಂದೊಂದು ಅಗಳಿಗೂ ಎಣ್ಣೆ ಹತ್ತುತ್ತದೆ. ಚೆನ್ನಾಗಿ ಹೊಗೆಯಾಡುವ ತನಕ ಬಿಸಿ ಮಾಡುತ್ತೀನಿ. ಎರಡನೇ ದಿನಕ್ಕೆ ಉಳಿಸುವುದಿಲ್ಲ.

ಕಾಕಾ, ಕಡಕ್ ರೊಟ್ಟಿ ಎಂಟು ದಿನ ಉಳಿದದ್ದು ಅದರಲ್ಲಿ ನೀರಿಲ್ಲದ್ದಕ್ಕೆ. ನೀರಿಲ್ಲದ ಕಡೆ ಸೂಕ್ಷ್ಮಜೀವಿ ಬೆಳೆಯುವುದಿಲ್ಲ. ಅಜ್ಜಿ ಒಲೆಯ ಪಕ್ಕ ನಿಲ್ಲಿಸಿ ಒಣಗಿಸುತ್ತಿದ್ದದ್ದು ಅದಕ್ಕೇ. ಎಣಗಾಯಿಯನ್ನು ಮೊದಲ ದಿನವೇ ತಿಂದು ಮುಗಿಸುತ್ತಿದ್ದಿರಿ ಅಲ್ವಾ?

ಅತ್ತೆ, ನಾನು ಉಪವಾಸ ಇಲ್ಲ. ಸುಸ್ತಾದ ದಿನ ಝುಣಕ ಮಾಡುತ್ತೀನಿ, ಕಡಲೆಹಿಟ್ಟು ಇದ್ದರೆ ಹತ್ತು ನಿಮಿಷ. ಪರೀಕ್ಷೆ ಹೊತ್ತಿನಲ್ಲಿ ಮಜ್ಜಿಗೆ ಅನ್ನ, ಉಪ್ಪಿನಕಾಯಿ. ಮಳೆ ಹಿಡಿದ ಸಂಜೆ ಚುರುಮುರಿ ಸುಸಲ. ಊರಿನ ನೆನಪು ಜಾಸ್ತಿಯಾದಾಗ ನುಚ್ಚು. ರೂಮಿನಲ್ಲಿ ಒಬ್ಬಳೇ ಕೂತು ಓದುವಾಗ ನನ್ನ ಕೈಯಡುಗೆಯ ಆ ಬಿಸಿ ತಾಟು ನನಗೆ ದೊಡ್ಡ ಧೈರ್ಯ. ಅದನ್ನ ವಿಷ ಅನ್ನಬೇಡಿ."

ಕಾಕಾ ಮೊದಲು ಉತ್ತರಿಸಿದರು. ಎಣಗಾಯಿ ಬಸ್‌ಸ್ಟ್ಯಾಂಡಿನಲ್ಲೇ ಖಾಲಿಯಾಗುತ್ತಿತ್ತಂತೆ. ಅತ್ತೆ "ಭಾನುವಾರ ಮನೆಗೆ ಬಾ" ಅಂತ ಮಾತ್ರ ಬರೆದರು. ಅವ್ವ ಅದಕ್ಕೆ ಏನೂ ಹೇಳಲಿಲ್ಲ. ರೊಟ್ಟಿಯ ವಿಷಯ ಅಲ್ಲಿಗೇ ಬಿಟ್ಟಳು. ಅವಳಿಂದ ಅಷ್ಟು ಬಂದದ್ದೇ ಜಾಸ್ತಿ.

ದೊಡ್ಡಪ್ಪ ರಾತ್ರಿ ಊಟದ ಹೊತ್ತಿಗೆ ಬಂದರು.

ದೊಡ್ಡಪ್ಪ: ಯವ್ವಾ, ಹೊರಗೆ ಎಷ್ಟು ಹೊತ್ತು ಇಡಬಹುದು?

ನಾನು: ಎರಡು ಗಂಟೆ. ನಮ್ಮ ಗದಗಿನ ಬೇಸಿಗೆಯಲ್ಲಿ ಒಂದು ಗಂಟೆಯೇ ಸಾಕು.

ದೊಡ್ಡಪ್ಪ: ನಿನ್ನ ದೊಡ್ಡಮ್ಮ ರಾತ್ರಿ ಅನ್ನ ಬೆಳಗಿನ ತನಕ ಕುಕ್ಕರ್‌ನಲ್ಲೇ ಮುಚ್ಚಿ ಇಡುತ್ತಾಳೆ.

ದೊಡ್ಡಮ್ಮ ಗುಂಪಿನಲ್ಲಿ ಒಂದಕ್ಷರ ಬರೆದವರಲ್ಲ. ಐದು ನಿಮಿಷಕ್ಕೆ ಅವರ ದನಿಯ ಸಂದೇಶ ಬಂತು. ಇಷ್ಟು ವರ್ಷ ಅದೇ ಅನ್ನ ತಿಂದು ಗಟ್ಟಿಯಾಗಿದ್ದವರು ಇವತ್ತು ಮನೆತನದ ಎದುರು ನನ್ನ ಕುಕ್ಕರ್ ತೆಗೆದು ತೋರಿಸುತ್ತಾರಾ, ಅಂತ ಜೋರಾಗಿ ಕೇಳಿದರು. ಗುಂಪು ಮತ್ತೆ ಎದ್ದು ಕೂತಿತು. ಅತ್ತೆ ದೊಡ್ಡಮ್ಮನ ಪರ, ಬೆಂಗಳೂರಿನ ಅಣ್ಣ ದೊಡ್ಡಪ್ಪನ ಪರ. ದೊಡ್ಡಪ್ಪ, ಅಣ್ಣ ಇಬ್ಬರೂ ಒಂದೇ ಕಡೆ ನಿಂತದ್ದನ್ನು ನಾನು ನೋಡಿರಲಿಲ್ಲ.

ನಾನು ಗುಂಪಿನಲ್ಲಿ ಏನೂ ಬರೆಯದೆ ದೊಡ್ಡಮ್ಮನಿಗೇ ಫೋನು ಮಾಡಿದೆ. ಮೊದಲು ಅವರ ಸಿಟ್ಟು ಪೂರ್ತಿ ಕೇಳಿದೆ. ಆಮೇಲೆ ಪರಾತ, ಡಬ್ಬಿ, ಫ್ರಿಜ್, ಎಲ್ಲ ಹೇಳಿದೆ. ಫ್ರಿಜ್‌ನಲ್ಲಿ ಜಾಗ ಇಲ್ಲ, ನಿನ್ನ ದೊಡ್ಡಪ್ಪನ ಔಷಧಿ, ಹಾಲು, ಕೆನೆ ತುಂಬಿವೆ ಅಂದರು. ಸಣ್ಣ ಡಬ್ಬಿ ಸಾಕು, ಇಲ್ಲವೇ ರಾತ್ರಿಗೆ ಒಂದು ಹಿಡಿ ಅಕ್ಕಿ ಕಡಿಮೆ ಹಾಕಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸರಿ ಅಂದರು.

"ಆದರೆ ಅಕ್ಕಿ ಕಡಿಮೆ ಹಾಕುವ ಮಾತು ನಿನ್ನ ದೊಡ್ಡಪ್ಪನಿಗೆ ನೀನೇ ಹೇಳು. ಅವರಿಗೆ ರಾತ್ರಿ ಎರಡು ಸಲ ಅನ್ನ ಬೇಕು."