ಸ್ಪೀಡ್ ಏರಿದಷ್ಟೂ ಇಂಜಿನ್ ಬಿಸಿ: ಇಂಟರ್‌ಕೂಲರ್, ರೇಡಿಯೇಟರ್ ಬದಲಾಯಿಸಿದ ಮೇಲೆ ಶುರುವಾದ ತೊಂದರೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂದು ಹಳೇ ಹ್ಯಾಚ್‌ಬ್ಯಾಕ್‌ಗೆ ಟರ್ಬೊ ಕೂರಿಸಿದ್ದೇನೆ. 1.6 ಲೀಟರ್ ಪೆಟ್ರೋಲ್ ಇಂಜಿನ್, ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) 0.8 ಬಾರ್. ಹೋದ ತಿಂಗಳು ಬಂಪರ್ ಹಿಂದೆ 76 ಮಿ.ಮೀ. ದಪ್ಪದ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಜಾಲರಿ), ಅದರ ಹಿಂದೆ ಹೊಸ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿದೆ. ರೇಡಿಯೇಟರ್ ಹಳೆಯದಕ್ಕಿಂತ ದಪ್ಪ, ಎತ್ತರ ಮಾತ್ರ ಸ್ವಲ್ಪ ಕಮ್ಮಿ. ಇಂಟರ್‌ಕೂಲರನ್ನು ರೇಡಿಯೇಟರ್‌ನ ಬ್ರಾಕೆಟ್‌ಗೇ ಬೋಲ್ಟ್ ಮಾಡಿದ್ದೇನೆ.

ನಿಂತಲ್ಲಿ ಅರ್ಧ ಗಂಟೆ ಐಡಲ್ ಬಿಟ್ಟರೂ 92 ಡಿಗ್ರಿ ದಾಟುವುದಿಲ್ಲ. ಆದರೆ 100 ಕಿ.ಮೀ. ವೇಗದಲ್ಲಿ ಹತ್ತು ನಿಮಿಷ ಹೋದರೆ ಕೂಲೆಂಟ್ 106ಕ್ಕೆ ಬರುತ್ತದೆ. ನಿಧಾನ ಮಾಡಿದರೆ ತಾನಾಗಿ ಇಳಿಯುತ್ತದೆ. ಗಾಳಿ ಜಾಸ್ತಿ ಸಿಕ್ಕರೆ ತಣ್ಣಗಾಗಬೇಕಲ್ವಾ? ಥರ್ಮೋಸ್ಟಾಟ್ (ಕೂಲೆಂಟ್ ದಾರಿಯ ಕವಾಟ) ಹೊಸದು, 82 ಡಿಗ್ರಿಗೆ ತೆರೆಯುವಂಥದ್ದು. ವಾಟರ್ ಪಂಪ್ ಕೂಡ ಹೊಸದು. ಇನ್ನೂ ದೊಡ್ಡ ರೇಡಿಯೇಟರ್ ತರಿಸಬೇಕಾ?

ಉತ್ತರ

ಸದ್ಯಕ್ಕೆ ಏನೂ ತರಿಸಬೇಡಿ. ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ. ನಿಂತಾಗ ಬಿಸಿಯಾಗಿ ಓಡುವಾಗ ಸರಿ ಇದ್ದರೆ ಮೊದಲು ಫ್ಯಾನ್ ನೋಡಬೇಕು. ನಿಮ್ಮದು ಉಲ್ಟಾ. ಫ್ಯಾನ್ ಎಳೆದಾಗ ಚೆನ್ನಾಗಿದೆ, ರಸ್ತೆಯ ಗಾಳಿ ಬಂದಾಗ ಕೆಡುತ್ತಿದೆ. ಅಂದರೆ ಆ ಗಾಳಿ ರೇಡಿಯೇಟರ್ ಒಳಗೆ ಹೋಗುತ್ತಲೇ ಇಲ್ಲ ಅನ್ನುವುದು ನನ್ನ ಅನುಮಾನ.

ಗಾಳಿ ಯಾವತ್ತೂ ಸುಲಭದ ದಾರಿ ಹಿಡಿಯುತ್ತದೆ. ಮುಂದೆ 76 ಮಿ.ಮೀ. ಇಂಟರ್‌ಕೂಲರ್, ಹಿಂದೆ ದಪ್ಪ ರೇಡಿಯೇಟರ್. ಎರಡನ್ನೂ ತೂರಿ ಹೋಗುವುದು ಅದಕ್ಕೆ ಕಷ್ಟ. ಪಕ್ಕದಲ್ಲಿ ಎರಡು ಬೆರಳು ಜಾಗ ಇದ್ದರೂ ಅಲ್ಲಿಂದಲೇ ನುಗ್ಗುತ್ತದೆ. ಎತ್ತರ ಕಮ್ಮಿ ಅಂದಿರಿ, ಹಾಗಾದರೆ ಮೇಲುಗಡೆ ಸಂದು ಇರಲೇಬೇಕು. ಬಂಪರ್ ಕತ್ತರಿಸುವಾಗ ಕೆಳಗಿನ ಪ್ಲಾಸ್ಟಿಕ್ ತಟ್ಟೆ, ಅಂದರೆ ಅಂಡರ್‌ಟ್ರೇ, ತೆಗೆದಿರಾ? ಇದು ಬಹಳ ಮುಖ್ಯ. ರೇಡಿಯೇಟರ್ ಮುಂದೆ ಒತ್ತಡ ಜಾಸ್ತಿ, ಹಿಂದೆ ಕಮ್ಮಿ ಇದ್ದರೆ ಮಾತ್ರ ಗಾಳಿ ಹಾಯುತ್ತದೆ. ತಟ್ಟೆ ಇಲ್ಲದಿದ್ದರೆ ಕಾರಿನ ಅಡಿಯಿಂದ ಗಾಳಿ ಇಂಜಿನ್ ಜಾಗಕ್ಕೆ ನುಗ್ಗಿ ಹಿಂದೆಯೂ ಒತ್ತಡ ತುಂಬುತ್ತದೆ. ವೇಗ ಏರಿದಷ್ಟೂ ಇದು ಕೆಡುತ್ತದೆ.

ಸುಮ್ನೆ ನನ್ನ ಮಾತು ನಂಬಬೇಡಿ, ಈ ನಾಲ್ಕು ಪರೀಕ್ಷೆ ಮಾಡಿ ಬರೆಯಿರಿ.

ಕತ್ತಲಾದ ಮೇಲೆ ಬಾನೆಟ್ ಎತ್ತಿ, ರೇಡಿಯೇಟರ್ ಹಿಂದೆ ಒಂದು ಲೈಟ್ ಇಡಿ. ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಂಪರ್ ಬಾಯಿಯೊಳಗೆ ನೋಡಿ. ಎಲ್ಲೆಲ್ಲಿ ಬೆಳಕು ನೇರವಾಗಿ ಕಣ್ಣಿಗೆ ಹೊಡೆಯುತ್ತದೋ ಅಲ್ಲೆಲ್ಲ ಗಾಳಿ ತಪ್ಪಿಸಿಕೊಳ್ಳುತ್ತಿದೆ.

ಫ್ಯಾನ್ ಓಡುವಾಗ ಇಂಟರ್‌ಕೂಲರ್ ಮುಂದೆ ಒಂದು ಹಾಳೆ ಹಿಡಿಯಿರಿ. ಹಾಳೆ ಅಂಟಿಕೊಳ್ಳಬೇಕು. ದೂರ ತಳ್ಳಿದರೆ ಫ್ಯಾನ್ ವೈರ್ ಅದಲು ಬದಲಾಗಿದೆ.

ಗೇರ್ ನ್ಯೂಟ್ರಲ್‌ನಲ್ಲಿ ಇಟ್ಟು, ಇಂಜಿನ್ ಬಿಸಿಯಾದ ಮೇಲೆ 3,500 ಆರ್‌ಪಿಎಂಗೆ ಏರಿಸಿ. ಇನ್ನೊಬ್ಬರು ಕೆಳಗಿನ ಹೋಸ್ ನೋಡುತ್ತಿರಲಿ, ಕೈ ಮಾತ್ರ ಫ್ಯಾನ್, ಬೆಲ್ಟ್‌ಗಳಿಂದ ದೂರ. ಅದು ಪಂಪ್ ಹೀರುವ ಕಡೆಯ ಹೋಸ್. ಚಪ್ಪಟೆಯಾದರೆ ನೀರು ನಿಂತು ಹೋಗುತ್ತದೆ. ಇದೂ ವೇಗದಲ್ಲಿ ಮಾತ್ರ ಕಾಣುವ ತೊಂದರೆಯೇ.

ಕೊನೆಯದು, ಸಮತಟ್ಟು ರಸ್ತೆಯಲ್ಲಿ ಬೂಸ್ಟ್ ಏಳದಂತೆ ಹಗುರ ಕಾಲಲ್ಲಿ 100ರಲ್ಲಿ ಹೋಗಿ. ಆಗಲೂ 106 ಬಂದರೆ ಗಾಳಿಯದೋ ನೀರಿನದೋ ದೋಷ. ಬೂಸ್ಟ್‌ನಲ್ಲಿ ಮಾತ್ರ ಬಂದರೆ ಟ್ಯೂನ್, ಅಂದರೆ ಇಂಧನ, ಕಿಡಿಯ ಹೊಂದಾಣಿಕೆ, ಕಡೆ ನೋಡಬೇಕು.

106 ಅಂದ ತಕ್ಷಣ ಗಾಬರಿ ಬೇಡ. ನೀರು, ಕೂಲೆಂಟ್ ಅರ್ಧಕ್ಕರ್ಧ ಬೆರೆಸಿ 1.1 ಬಾರ್ ಮುಚ್ಚಳ ಹಾಕಿದರೆ ಕುದಿಯುವುದು 125 ದಾಟಿದ ಮೇಲೆ. ಆದರೆ ಮುಚ್ಚಳದ ರಬ್ಬರ್ ಹಳತಾಗಿದ್ದರೆ ಆ ಲೆಕ್ಕ ನಡೆಯುವುದಿಲ್ಲ. ಬಿಸಿ ಇದ್ದಾಗ ಮುಚ್ಚಳ ಮುಟ್ಟಲೇಬೇಡಿ.

ಇನ್ನೊಬ್ಬರ ಉತ್ತರ

ನಾನಾಗಿದ್ದರೆ ಥರ್ಮೋಸ್ಟಾಟ್ ತೆಗೆದುಬಿಡುತ್ತಿದ್ದೆ. ಬಾನೆಟ್‌ನ ಹಿಂದಿನ ಅಂಚು ವಾಷರ್ ಕೊಟ್ಟು ಒಂದಿಂಚು ಎತ್ತಿದರೆ ಬಿಸಿ ಗಾಳಿ ಹೊರಗೆ ಹೋಗುತ್ತದೆ. ಬಹಳ ಜನ ಮಾಡುತ್ತಾರೆ.

ಉತ್ತರ

ಎರಡೂ ಬೇಡ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಂತಾಗ 92ರಲ್ಲಿ ಇರುತ್ತದೆ ಅಂದರೆ ಥರ್ಮೋಸ್ಟಾಟ್ ತೆರೆಯುತ್ತಿದೆ. ಅದನ್ನು ತೆಗೆದರೆ ಬೆಳಗ್ಗೆ ಇಂಜಿನ್ ಬಿಸಿಯಾಗುವುದೇ ನಿಧಾನ, ಸವೆತ ಜಾಸ್ತಿ. ಬಾನೆಟ್ ಹಿಂದಿನ ಅಂಚು ಇರುವುದು ವಿಂಡ್‌ಶೀಲ್ಡ್ ಬುಡದಲ್ಲಿ. ಓಡುವಾಗ ಅಲ್ಲಿ ಗಾಳಿಯ ಒತ್ತಡ ಜಾಸ್ತಿ ಇರುತ್ತದೆ, ಹಾಗಾಗಿ ಹೊರಗೆ ಹೋಗುವ ಬದಲು ಒಳಗೇ ಬರುವ ಸಾಧ್ಯತೆ ಹೆಚ್ಚು. ನಿಂತಾಗ ಹೊಗೆಯಂತೆ ಬಿಸಿ ಏಳುವುದು ಕಂಡು ಕೆಲಸ ಮಾಡುತ್ತಿದೆ ಅನಿಸುತ್ತದೆ, ಅಷ್ಟೇ.

ಪ್ರಶ್ನೆ ಕೇಳಿದವರು

ಅಣ್ಣ, ನೀವು ಹೇಳಿದ್ದೇ ಸರಿ. ಲೈಟ್ ಇಟ್ಟು ನೋಡಿದೆ. ಮೇಲಿನ ಅಡ್ಡಪಟ್ಟಿಗೂ ರೇಡಿಯೇಟರ್‌ಗೂ ನಡುವೆ ನನ್ನ ಅಂಗೈ ತೂರುವಷ್ಟು ಸಂದು. ಎರಡೂ ಪಕ್ಕ ಬೆಳಕು ಉದ್ದ ಗೆರೆಯಾಗಿ ಕಾಣುತ್ತಿತ್ತು. ಅಂಡರ್‌ಟ್ರೇ ಪೈಪ್‌ಗೆ ತಗಲುತ್ತದೆ ಅಂತ ತೆಗೆದು ಮೂಲೆಯಲ್ಲಿ ಇಟ್ಟಿದ್ದೆ. ಹಾಳೆ ಅಂಟಿಕೊಂಡಿತು, ಹೋಸ್ ಚಪ್ಪಟೆಯಾಗಲಿಲ್ಲ. ಹಗುರ ಕಾಲಲ್ಲಿ ಹೋದರೂ 104 ಬಂತು. ಈಗ ಹೇಗೆ ಮುಚ್ಚಲಿ?

ಉತ್ತರ

ಮೊದಲು ರಟ್ಟಿನಲ್ಲಿ ಅಳತೆ ಮಾಡಿಕೊಳ್ಳಿ. ಬಂಪರ್ ಬಾಯಿಯ ಅಂಚಿನಿಂದ ಇಂಟರ್‌ಕೂಲರ್ ಅಂಚಿಗೆ, ಅಲ್ಲಿಂದ ರೇಡಿಯೇಟರ್ ಅಂಚಿಗೆ, ನಾಲ್ಕೂ ಕಡೆ ಒಂದು ಡಬ್ಬಿ ಆಗಬೇಕು. ರಟ್ಟು ಸರಿ ಕೂತ ಮೇಲೆ ಅದೇ ಆಕಾರಕ್ಕೆ 1 ಮಿ.ಮೀ. ಅಲ್ಯೂಮಿನಿಯಂ ಶೀಟ್ ಕತ್ತರಿಸಿ. ಶೀಟ್ ಅಂಚು ಕೋರ್‌ಗೆ, ಅಂದರೆ ಗಾಳಿ ಹಾಯುವ ಜಾಲರಿಗೆ, ನೇರ ತಾಗಬಾರದು, ಉಜ್ಜಿ ಉಜ್ಜಿ ತೂತು ಮಾಡುತ್ತದೆ. ಆ ಜಾಗಕ್ಕೆ ದಪ್ಪ ಫೋಮ್ ರಬ್ಬರ್ ಪಟ್ಟಿ ಅಂಟಿಸಿ. ಬಂಪರ್ ಬಾಯಿ ಕೋರ್‌ನಷ್ಟೇ ಅಗಲ ಇರಬೇಕಾಗಿಲ್ಲ, ಅದಕ್ಕಾಗಿ ಇನ್ನೂ ಕತ್ತರಿಸಬೇಡಿ. ಬಂದ ಗಾಳಿ ಹೊರಗೆ ಸೋರದಿದ್ದರೆ ಸಾಕು.

ಅಂಡರ್‌ಟ್ರೇ ವಾಪಸ್ ಹಾಕಿ, ಪೈಪ್ ತಗಲುವ ಕಡೆ ಮಾತ್ರ ಕತ್ತರಿಸಿ. ಫ್ಯಾನ್ ಶ್ರೌಡ್, ಅಂದರೆ ಫ್ಯಾನ್ ಸುತ್ತಲಿನ ಹೊದಿಕೆ, ರೇಡಿಯೇಟರನ್ನು ಪೂರ್ತಿ ಮುಚ್ಚಿದ್ದರೆ ಅದರಲ್ಲಿ ಕಿಟಕಿ ಕೊರೆದು ಹಿಂಬದಿಗೆ ರಬ್ಬರ್ ರೆಪ್ಪೆ ಕಟ್ಟಿ. ವೇಗದಲ್ಲಿ ಗಾಳಿ ತಳ್ಳಿ ತೆರೆಯುತ್ತದೆ, ನಿಂತಾಗ ಫ್ಯಾನ್ ಎಳೆತಕ್ಕೆ ಮುಚ್ಚಿಕೊಳ್ಳುತ್ತದೆ.

ನನಗೆ ಇದಕ್ಕಿಂತ ಚಿಂತೆ ಇರುವುದು ಆ ಬ್ರಾಕೆಟ್ ಬಗ್ಗೆ. ಇಂಟರ್‌ಕೂಲರ್ ಪೈಪ್‌ಗಳು ಇಂಜಿನ್ ಜೊತೆ ಅಲುಗುತ್ತವೆ. ಆ ಎಳೆತ ಪೂರ್ತಿ ಈಗ ರೇಡಿಯೇಟರ್ ಮೇಲೆ ಬೀಳುತ್ತಿದೆ. ಅಲ್ಯೂಮಿನಿಯಂ ಟ್ಯಾಂಕ್‌ನ ವೆಲ್ಡ್ ಒಂದು ದಿನ ಬಿರುಕು ಬಿಡುತ್ತದೆ. ಇಂಟರ್‌ಕೂಲರನ್ನು ಬಂಪರ್ ಬೀಮ್‌ಗೆ ಕಟ್ಟಿ. ರೇಡಿಯೇಟರ್ ರಬ್ಬರ್ ಬುಷ್ ಮೇಲೆ ಕೂರಲಿ, ಕೈಯಲ್ಲಿ ಅಲುಗಿಸಿದರೆ ಸ್ವಲ್ಪ ಮಿಸುಕಬೇಕು.

ಇನ್ನೊಂದು. ಗಿಡ್ಡ ರೇಡಿಯೇಟರ್ ಅಂದರೆ ನೀರು ಹಾಕುವ ಬಾಯಿ ಇಂಜಿನ್ ಹೆಡ್‌ಗಿಂತ ಕೆಳಗೆ ಇರಬಹುದು. ಆಗ ಗಾಳಿ ಗುಳ್ಳೆ ಹೆಡ್‌ನಲ್ಲೇ ಸಿಕ್ಕಿಕೊಳ್ಳುತ್ತದೆ. ಕಾರಿನ ಮೂತಿ ಎತ್ತಿ ನಿಲ್ಲಿಸಿ, ತಣ್ಣಗಿದ್ದಾಗ ತುಂಬಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ನಿಂತಲ್ಲೇ ಇಂಜಿನ್ ಓಡಿಸಿ. ಹೀಟರ್‌ನಿಂದ ಬಿಸಿ ಗಾಳಿ ಒಂದೇ ಸಮ ಬರುವವರೆಗೆ ಬಿಡಬೇಡಿ.

ಪ್ರಶ್ನೆ ಕೇಳಿದವರು

ಎರಡು ಭಾನುವಾರ ಹಿಡಿಯಿತು. ಮೂತಿ ಎತ್ತಿ ತುಂಬಿದಾಗ ಗುಳುಗುಳು ಅಂತ ಗಾಳಿ ಬಂದು ಅರ್ಧ ಲೀಟರ್ ಹತ್ತಿರ ನೀರು ಇಳಿಯಿತು. ಇಂಟರ್‌ಕೂಲರ್ ಈಗ ಬೀಮ್ ಮೇಲೆ. ಡಬ್ಬಿ ಮುಗಿಸಿ ಅದೇ ರಸ್ತೆಯಲ್ಲಿ ಹೋದೆ. 100ರಲ್ಲಿ ಹತ್ತು ನಿಮಿಷ, 91. ಏರಿನಲ್ಲಿ ಬೂಸ್ಟ್ ಕೊಟ್ಟಾಗ 96, ಮೇಲೆ ಹತ್ತಿದ ಮೇಲೆ ಮತ್ತೆ ಇಳಿಯಿತು. ಅಣ್ಣ, ತುಂಬಾ ಥ್ಯಾಂಕ್ಸ್.

ಒಂದೇ ಉಳಿದಿದೆ. ಬೂಸ್ಟ್ 0.6ಕ್ಕೆ ನಿಲ್ಲುತ್ತಿದೆ. ಥ್ರಾಟಲ್ ಹತ್ತಿರದ ಸಿಲಿಕೋನ್ ಜಾಯಿಂಟ್ ಸುತ್ತ ತೆಳ್ಳಗೆ ಎಣ್ಣೆ ಪಸೆ, ಅದರ ಮೇಲೆ ಧೂಳು ಕೂತಿದೆ.

ಉತ್ತರ

ಆ ಎಣ್ಣೆ ಗೆರೆಯೇ ಸೋರುವ ಜಾಗ. ಪೈಪ್ ಕೆಲಸ ಮಾಡಿದಾಗ ಅಲುಗಿರುತ್ತದೆ. ಟರ್ಬೊ ಬಾಯಿಗೆ ಮುಚ್ಚಳ ಕಟ್ಟಿ, ಕಂಪ್ರೆಸರ್‌ನಿಂದ ನಿಧಾನವಾಗಿ 0.8 ಬಾರ್ ತುಂಬಿ, ಸೋಪಿನ ನೀರು ಹಚ್ಚಿ. ಗುಳ್ಳೆ ಅಲ್ಲೇ ಏಳುತ್ತದೆ. ಪೈಪ್ ತುದಿ ನುಣ್ಣಗಿದ್ದರೆ ಸುತ್ತಲೂ ಉಬ್ಬು ಹಾಕಿಸಿ, ಕ್ಲ್ಯಾಂಪ್ ಆ ಉಬ್ಬಿನ ಹಿಂದೆ ಬರಲಿ. ಜೋಡಿಸುವ ಮುಂಚೆ ಪೈಪ್ ಹೊರಗೂ ಸಿಲಿಕೋನ್ ಒಳಗೂ ಬ್ರೇಕ್ ಕ್ಲೀನರ್ ಹಾಕಿ ಒರೆಸಿ, ಪೂರ್ತಿ ಒಣಗಲಿ. ಎಣ್ಣೆ ಉಳಿದರೆ ಎಷ್ಟು ಬಿಗಿದರೂ ಜಾರುತ್ತದೆ.