ಹಳೆಯ ಇಂಗ್ಲಿಷಿನ ಕಾಯಿಲೆ, ಹುಚ್ಚು, ಬಿನ್ನಾಣದ ಪದಗಳನ್ನು ಕನ್ನಡಕ್ಕೆ ತರುವುದು ಹೇಗೆ?

ಹೊತ್ತಗೆಹುಳು ಕೇಳಿದ್ದು:
18ನೇ ಶತಮಾನದ ಇಂಗ್ಲಿಷ್ ಪತ್ರಗಳ ಅನುವಾದ ನಡೆದಿದೆ. ಏಗ್ಯೂ, ಡ್ರಾಪ್ಸಿ, ಕಿಂಗ್ಸ್ ಈವಿಲ್, ವೇಪರ್ಸ್ ಪುಟಪುಟಕ್ಕೂ ಬರುತ್ತವೆ. ಡ್ರಾಪ್ಸಿಗೆ ನಿಘಂಟು ಜಲೋದರ ಎನ್ನುತ್ತದೆ, ಆದರೆ ಪತ್ರದಲ್ಲಿ ಊದಿರುವುದು ಕಾಲು. ಯುವಕನೊಬ್ಬನನ್ನು ಮ್ಯಾಕರೋನಿ ಎಂದು ಏಕೆ ಕರೆದಿದ್ದಾರೋ ತಿಳಿಯುತ್ತಿಲ್ಲ. ಇವತ್ತಿನ ರೋಗಗಳ ಹೆಸರನ್ನೇ ಹಾಕಿಬಿಡಬಹುದೇ?

ಪದಶೋಧ:
ಹಾಕಬೇಡಿ. ಆ ಕಾಲದವರು ಕಣ್ಣಿಗೆ ಕಂಡ ಲಕ್ಷಣಕ್ಕೆ ಹೆಸರಿಟ್ಟರು, ಕಾರಣಕ್ಕಲ್ಲ. ಮೈಯಲ್ಲಿ ನೀರು ನಿಂತರೆ ಸಾಕು, ಅದು ಡ್ರಾಪ್ಸಿ. ಕೆಟ್ಟಿದ್ದು ಹೃದಯವೋ ಮೂತ್ರಪಿಂಡವೋ ಯಕೃತ್ತೋ, ಹೆಸರು ಮಾತ್ರ ಒಂದೇ. ಇಂಗ್ಲಿಷ್ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಡ್ರಾಪ್ಸಿಗೆ ಫಾಕ್ಸ್‌ಗ್ಲವ್ ಎಲೆಯ ಔಷಧವನ್ನು ವಿವರಿಸಿದರು. ಅದು ಎಲ್ಲರಿಗೂ ನಾಟಲಿಲ್ಲ, ಏಕೆಂದರೆ ಆ ಎಲೆಯ ಮುಖ್ಯ ಕೆಲಸ ಹೃದಯದ ಮೇಲೆ. ಹೊಟ್ಟೆ ಉಬ್ಬಿದ್ದರೆ ಜಲೋದರ ಸರಿ. ಕಾಲು ಊದಿದ್ದರೆ 'ಕಾಲಿಗೆ ನೀರು ಇಳಿದಿದೆ' ಎಂದು ಬಿಡಿಸಿ ಬರೆಯಿರಿ.

ಏಗ್ಯೂಗೆ ಚಳಿಜ್ವರ ಚೆನ್ನಾಗಿ ಒಪ್ಪುತ್ತದೆ. ಎಡವುವುದು ಎಣಿಕೆಯಲ್ಲಿ. ಟರ್ಷಿಯನ್ ಅಂದರೆ ದಿನ ಬಿಟ್ಟು ದಿನ, ಕ್ವಾರ್ಟನ್ ಅಂದರೆ ಎರಡು ದಿನ ಬಿಟ್ಟು ಬರುವ ಜ್ವರ. ಲ್ಯಾಟಿನ್ ರೂಢಿಯಲ್ಲಿ ಜ್ವರ ಬಂದ ದಿನವೂ ಲೆಕ್ಕಕ್ಕೆ ಸೇರುತ್ತದೆ. ಹೆಸರಿನಲ್ಲಿ ನಾಲ್ಕು ಕಂಡಿತೆಂದು 'ನಾಲ್ಕು ದಿನ ಬಿಟ್ಟು' ಎಂದರೆ ತಪ್ಪಾಗುತ್ತದೆ.

ಕಿಂಗ್ಸ್ ಈವಿಲ್ ಅಂದರೆ ಗಂಡಮಾಲೆ, ಕುತ್ತಿಗೆಯ ಗಂಟುಗಳು ಊದುವ ರೋಗ. ಅರಸರು ಮುಟ್ಟಿದರೆ ವಾಸಿಯಾಗುತ್ತದೆಂಬ ನಂಬಿಕೆಯಿಂದ ಬಂದ ಹೆಸರು. 1714ರಲ್ಲಿ ರಾಣಿ ಆನ್ ತೀರಿಕೊಂಡ ಮೇಲೆ ಇಂಗ್ಲೆಂಡಿನ ಗದ್ದುಗೆಯಲ್ಲಿದ್ದವರು ಆ ಪದ್ಧತಿ ಮುಂದುವರಿಸಲಿಲ್ಲ.

ಹಳೆನುಡಿ:
ಅಪರಿಚಿತ ಪದ ಕಂಡರೆ ನಿಘಂಟು ತೆರೆಯುತ್ತೇವೆ. ಪರಿಚಿತ ಪದವೇ ಹೆಚ್ಚು ಮೋಸ ಮಾಡುತ್ತದೆ. 'ಹೆಕ್ಟಿಕ್' ಇವತ್ತು ಗಡಿಬಿಡಿ. ಅಂದು ಕ್ಷಯದವರಿಗೆ ಸಂಜೆ ಏರಿ ಕೆನ್ನೆ ಕೆಂಪಾಗಿಸುವ ಜ್ವರ. 'ಡಿಕ್ಲೈನ್‌ಗೆ ಬಿದ್ದಳು' ಎಂದಿದ್ದರೆ ಬಹುಪಾಲು ಕ್ಷಯವೇ. 'ಡಿಸ್ಟ್ರ್ಯಾಕ್ಟೆಡ್' ಬುದ್ಧಿ ಕೆಟ್ಟವರಿಗೂ ಸಲ್ಲುತ್ತಿತ್ತು, ಗಮನ ತಪ್ಪಿದವರಿಗಷ್ಟೇ ಅಲ್ಲ. ಇನ್ನೂ ಹಿಂದಕ್ಕೆ ಹೋದರೆ 'ವುಡ್' ಎಂಬುದಕ್ಕೇ ಹುಚ್ಚು ಎಂಬ ಅರ್ಥವಿತ್ತು. ಅದು ಮರದ 'ವುಡ್' ಅಲ್ಲ, ಬೇರೆಯೇ ಮೂಲದ ಪದ.

ಬರೀ 'ಪಾಕ್ಸ್' ಎಂದಿದ್ದರೆ ಸಿಡುಬು ಎಂದು ಆತುರಪಡಬೇಡಿ. ಹಲವು ಕಡೆ ಅದು ಪರಂಗಿ ಹುಣ್ಣು (ಸಿಫಿಲಿಸ್). ಇದರಿಂದ ಬೇರ್ಪಡಿಸಲೆಂದೇ ಸಿಡುಬಿಗೆ 'ಸ್ಮಾಲ್' ಸೇರಿತು. ಇಂಗ್ಲಿಷರು ಆ ಹುಣ್ಣನ್ನು ಫ್ರೆಂಚರ ತಲೆಗೆ ಕಟ್ಟಿದರು, ನಾವು ಪರಂಗಿಯವರ ತಲೆಗೆ. ಹಾಗಾಗಿ ಕನ್ನಡದ ಪದ ಆ ಧ್ವನಿಯನ್ನೂ ಉಳಿಸಿಕೊಡುತ್ತದೆ.

ಪದಶೋಧ:
ವೇಪರ್ಸ್ ಬಗ್ಗೆ: ಹೊಟ್ಟೆಯ ಭಾಗದಿಂದ ಆವಿ ಏರಿ ಮಿದುಳನ್ನು ಕೆಡಿಸುತ್ತದೆಂಬ ಕಲ್ಪನೆ ಅದರ ಹಿಂದಿದೆ. ಬೇಸರ, ತಲೆಸುತ್ತು, ಕಾರಣವಿಲ್ಲದ ಅಳು ಎಲ್ಲವೂ ಅದರಲ್ಲಿ ಬರುತ್ತವೆ. ಸಿರಿವಂತ ಹೆಂಗಸರ ನಾಜೂಕಿನ ಗುರುತಾಗಿಯೂ ಪದ ಓಡಾಡಿತು, ಹಾಗಾಗಿ ಒಂದೇ ಕನ್ನಡ ಪದ ಸಾಲದು. ಬರೆದವರು ಮರುಗಿದ್ದರೆ 'ಮನಸ್ಸು ಕುಗ್ಗಿದೆ', ಆಡಿಕೊಂಡಿದ್ದರೆ 'ಬಿನ್ನಾಣದ ಕಾಯಿಲೆ'. ಮೆಲಂಕಲಿಗೆ ಮಾತ್ರ ಪಿತ್ತ ಎನ್ನಬೇಡಿ. ಮೈ-ಮನಸ್ಸನ್ನು ಆಳುತ್ತವೆಂದು ಅವರು ನಂಬಿದ್ದ ನಾಲ್ಕು ರಸಗಳು ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ; ಮೆಲಂಕಲಿ ಬರುವುದು ಕೊನೆಯದರಿಂದ. ನಮ್ಮ ತ್ರಿದೋಷಗಳಲ್ಲಿ ಅದಕ್ಕೆ ಜೋಡಿಯಿಲ್ಲ. ವಿಷಾದ ಎಂದರೆ ಸಾಕು.

ಹಳೆನುಡಿ:
ಮ್ಯಾಕರೋನಿ 1760–70ರ ದಶಕಗಳ ಪದ. ಇಟಲಿ ಸುತ್ತಿ ಬಂದು, ಅಲ್ಲಿನ ತಿಂಡಿ-ಉಡುಪುಗಳ ಗೀಳು ಹತ್ತಿಸಿಕೊಂಡು, ಗೋಪುರದಂಥ ವಿಗ್ ಹಾಕಿ ತಿರುಗುತ್ತಿದ್ದ ಯುವಕರಿಗೆ ಇಟ್ಟ ಹೆಸರು. ಶೋಕಿಲಾಲ ಹೊಂದುತ್ತದೆ. 'ಕಾಕ್ಸ್‌ಕೂಂಬ್' ಬೇರೆ: ವಿದೂಷಕನ ಟೋಪಿಯ ಕೋಳಿಜುಟ್ಟಿನಿಂದ ಬಂದದ್ದು, ಬಟ್ಟೆಗಿಂತ ಪೊಳ್ಳು ಜಂಬವನ್ನು ಹೇಳುತ್ತದೆ. ಎರಡಕ್ಕೂ ಶೋಕಿಲಾಲ ಎಂದೇ ಬರೆದರೆ ಬೈಗುಳದ ತೂಕ ತಪ್ಪುತ್ತದೆ. ಎರಡನೆಯದಕ್ಕೆ 'ಜಂಬದ ಕೋಳಿ' ಇದ್ದೇ ಇದೆ.